ಸುಟ್ಟ ಸರಕಿನ ಕಾಸಿಂ ಕುಂಞಿ

ಮದುವೆಯಾಗಿ ಕುವೈತಿಗೆ ಬಂದಿಳಿದ ದಿನ ಕಾಸಿಂ ಕುಂಞಿ ಹೆಂಡತಿಯನ್ನು ನೇರ ಮನೆಗೆ ಕರೆದುಕೊಂಡು ಹೋಗಲಿಲ್ಲ. ವಿಮಾನ ನಿಲ್ದಾಣದಿಂದ ಹೊರಟ ಪಿಕಪ್ಪನ್ನು ಅರ್ದಿಯಾದ ಕಡೆ ತಿರುಗಿಸಿದ. ಹೊಸ ಬುರ್ಖಾದೊಳಗೆ ಬೆವೆತುಹೋಗಿದ್ದ ಪಾತು, ಗಂಡನಿಗೆ ಎಂಥದೋ ಅರ್ಜೆಂಟು ಕೆಲಸ ಇರಬೇಕೆಂದುಕೊಂಡು ಸುಮ್ಮನೆ ಕುಳಿತಿದ್ದಳು. ಗೋದಾಮುಗಳ ಉದ್ದ ಸಾಲಿನಲ್ಲಿ ಒಂದರ ಮುಂದೆ ಗಾಡಿ ನಿಲ್ಲಿಸಿ ಅವನು ಶಟರ್ ಎತ್ತಿದ. ಸುಟ್ಟ ವಾಸನೆ ಮುಖಕ್ಕೆ ಬಡಿಯಿತು. ಒಳಗೆ ಮಾಡಿನವರೆಗೂ ಬಟ್ಟೆಯ ಥಾನುಗಳು, ಅಂಚು ಕರಕಲಾದ ಕಾರ್ಪೆಟ್ಟುಗಳು, ಚೀಟಿ ಸುಟ್ಟುಹೋದ ಹಾಲಿನ ಪುಡಿಯ ಡಬ್ಬಗಳು.

ಅವನು ಒಂದು ಥಾನು ಎಳೆದು, ಕತ್ತರಿಯಿಂದ ಕಪ್ಪಾದ ಅಂಚನ್ನು ಕತ್ತರಿಸಿ ಎಸೆದ. ಒಳಗಿಂದ ಹಸಿರು ರೇಷ್ಮೆ ಹೊಸದಾಗಿ ಹೊಳೆಯಿತು. "ನೋಡು ಪಾತು, ಸುಟ್ಟದ್ದು ಇಷ್ಟೇ. ಜನಕ್ಕೆ ಅಂಚು ಮಾತ್ರ ಕಾಣುದು, ಬಿಟ್ಟು ಹೋಗ್ತಾರೆ. ನಾನು ಬಿಡುದಿಲ್ಲ" ಎಂದ. ಆ ರೇಷ್ಮೆಯಲ್ಲಿ ಅವಳಿಗೊಂದು ಚೂಡಿದಾರ ಹೊಲಿಸಿಕೊಟ್ಟ. ಎಷ್ಟು ಸಲ ಒಗೆದರೂ ಅದರ ಹೊಗೆ ವಾಸನೆ ಹೋಗಲಿಲ್ಲ. ಪಾತು ಅದನ್ನು ಅವನಿಗೆ ಹೇಳಲಿಲ್ಲ.

ಕಾಸಿಂ ಕುಂಞಿ ಉಪ್ಪಿನಂಗಡಿ ಕಡೆಯವನು. ತಂದೆಯೂ ಅಣ್ಣನೂ ನೇತ್ರಾವತಿಯಲ್ಲಿ ಮರಳಿನ ದೋಣಿ ನಡೆಸುತ್ತಿದ್ದರು. ದೋಣಿ ಮಗುಚಿ ಇಬ್ಬರೂ ಒಟ್ಟಿಗೇ ಹೋದರು. ಮೀಸೆ ಸರಿಯಾಗಿ ಮೂಡುವ ಮೊದಲೇ ಅವನು ಊರಿನ ಒಬ್ಬರು ಮಾಡಿಸಿಕೊಟ್ಟ ವೀಸಾದಲ್ಲಿ ಕುವೈತಿಗೆ ಬಂದು, ಫಿಂಟಾಸಿನ ಒಂದು ಬಕಾಲಾದಲ್ಲಿ ದಿನಸಿ ಕಟ್ಟಿಕೊಡಲು ನಿಂತ. ಅಂಗಡಿ ಅವನ ಕಫೀಲ್, ಅಂದರೆ ವೀಸಾಕ್ಕೆ ಹೊಣೆ ನಿಂತ ಅರಬಿ ಯಜಮಾನ, ಬೂ ನಾಸರ್ ಎಂಬವರದು. ಬಂದು ವರ್ಷ ಕಳೆಯುವುದರೊಳಗೆ ಇರಾಕಿನ ಸೈನ್ಯ ನುಗ್ಗಿತು. ಊರಿನವರೆಲ್ಲ ಸಿಕ್ಕ ಬಸ್ಸು ಹತ್ತಿ ಜೋರ್ಡಾನಿನ ದಾರಿ ಹಿಡಿದರು. ಕಾಸಿಂ ಕುಂಞಿಯ ಪಾಸ್‌ಪೋರ್ಟ್ ಬೂ ನಾಸರರ ಬೀಗ ಹಾಕಿದ ಕಪಾಟಿನಲ್ಲಿತ್ತು, ಬೂ ನಾಸರ್ ಸಂಸಾರ ಸಮೇತ ಸೌದಿಯಲ್ಲಿದ್ದರು. ಮನೆಯಲ್ಲಿ ಉಳಿದವರು ಅವರ ಮುದಿ ತಾಯಿ ಮತ್ತು ಒಬ್ಬಳು ಕೆಲಸದಾಕೆ.

ಅವನು ಅಂಗಡಿಯ ಹಿಂದಿನ ಸಾಮಾನಿನ ಕೋಣೆಯಲ್ಲಿ, ಅಕ್ಕಿ ಮೂಟೆಗಳ ಹಿಂದೆ ಅಡಗಿ ಕುಳಿತ. ಅಜ್ಜಿ ಕೆಲಸದಾಕೆಯ ಕೈಯಲ್ಲಿ ಅನ್ನ ಕಳಿಸುತ್ತಿದ್ದರು. ಆಕೆ ತಟ್ಟೆಯನ್ನು ಹಿತ್ತಲ ಗೋಡೆಯ ಮೇಲಿಟ್ಟು ತಿರುಗಿಯೂ ನೋಡದೆ ಹೋಗುತ್ತಿದ್ದಳು. ಬೇಸಗೆ ಹೋಗಿ ಚಳಿ ಬಂತು. ಸೈನ್ಯ ಸೋತು ಓಡಿದ ಮೇಲೆ ಅವನು ಹೊರಗೆ ಬಂದಾಗ, ಅದು ಬೆಂಕಿ ಹಚ್ಚಿಹೋದ ಎಣ್ಣೆ ಬಾವಿಗಳ ಹೊಗೆಯಿಂದ ನಡುಹಗಲೇ ಕಪ್ಪಾಗಿತ್ತು. ಬೂ ನಾಸರ್ ವಾಪಸು ಬಂದಾಗ ಅವರ ಉಳಿದ ಅಂಗಡಿಗಳೆಲ್ಲ ಲೂಟಿಯಾಗಿ ಸುಟ್ಟಿದ್ದವು. ಕಾಸಿಂ ಕುಂಞಿ ಕುಳಿತಿದ್ದ ಬಕಾಲಾ ಒಂದು ಉಳಿದಿತ್ತು. ಅವರು ಅವನನ್ನು ತಬ್ಬಿಕೊಂಡು ಅತ್ತು, ಸುಟ್ಟ ಅಂಗಡಿಗಳಲ್ಲಿ ಏನಾದರೂ ಉಳಿದಿದ್ದರೆ ನೀನೇ ತೆಗೆದುಕೋ ಎಂದರು. ಅವರು ಬಾಯಿಮಾತಿಗೆ ಹೇಳಿದ್ದು. ಇವನು ಮರುದಿನವೇ ಗೋಣಿ ಹಿಡಿದುಕೊಂಡು ಹೋದ.

ಅಲ್ಲಿಂದ ಅವನ ದೆಸೆ ತಿರುಗಿತು. ಆ ವರ್ಷಗಳಲ್ಲಿ ಊರೆಲ್ಲ ಅರೆಸುಟ್ಟ ಸರಕೇ ತುಂಬಿತ್ತು, ಕೇಳುವವರಿರಲಿಲ್ಲ. ಆಮೇಲೂ ಬೆಂಕಿಗೇನು ಬರಗಾಲ? ಅರ್ದಿಯಾದ ಗೋದಾಮುಗಳಲ್ಲಿ ಬೇಸಗೆಯಲ್ಲಿ ವಯರು ಸುಟ್ಟು, ಏಸಿ ಸಿಡಿದು ಎಲ್ಲಾದರೊಂದು ಕಡೆ ಹೊಗೆ ಏಳುತ್ತಿತ್ತು. ಅಗ್ನಿಶಾಮಕದವರು ನೀರು ಹೊಡೆಯುತ್ತಿರುವಾಗಲೇ ಕಾಸಿಂ ಕುಂಞಿಯ ಲಾರಿಗಳು ಬೀದಿಯ ತುದಿಯಲ್ಲಿ ಬಂದು ನಿಲ್ಲುತ್ತಿದ್ದವು. ಬೆಂಕಿ ಬಿದ್ದ ಅಂಗಡಿಯನ್ನಷ್ಟೇ ಅಲ್ಲ, ಅದರ ಎಡಬಲದ ಅಂಗಡಿಗಳನ್ನೂ ಅವನು ಕ್ರಯಕ್ಕೆ ಮಾತಾಡಿಕೊಳ್ಳುತ್ತಿದ್ದ. ಪಕ್ಕದಲ್ಲಿ ಜ್ವಾಲೆ ಕಾಣುವಾಗ ಯಾರೂ ಹೆಚ್ಚು ಚೌಕಾಸಿ ಮಾಡುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ಸರಕಿನ ಜೊತೆಗೆ ಅಂಗಡಿಯ ಬಾಡಿಗೆ ಹಕ್ಕೂ ಅವನ ಕೈಗೆ ಬರುತ್ತಿತ್ತು. ಕಾಗದಪತ್ರಕ್ಕೆ ಬೂ ನಾಸರರ ಹೆಸರಿತ್ತು, ಕಚೇರಿಯ ಕೆಲಸಕ್ಕೆ ಡೋಲ್ಫಿ ಇದ್ದ. ಡೋಲ್ಫಿ ಬಜಪೆಯ ಕೊಂಕಣಿಯವನು, ತಣ್ಣಗಿನ ಮನುಷ್ಯ, ಕೊನೆಯವರೆಗೂ ಇವನ ಜೊತೆಗಿದ್ದವನು.

ಪಾತು ಒಂದೇ ಒಂದು ಸಲ ಆ ವ್ಯಾಪಾರವನ್ನು ಕಣ್ಣಾರೆ ಕಂಡಳು. ಮಗ ಸಿರಾಜುದ್ದೀನ್ ಶಾಲೆಗೆ ಹೋಗತೊಡಗಿದ್ದ ಕಾಲ. ಅವನ ಹಲ್ಲನ್ನು ಡಾಕ್ಟರಿಗೆ ತೋರಿಸಿ ಗಂಡನ ಜೊತೆ ವಾಪಸು ಬರುವಾಗ ಫೋನು ಬಂತು, ಗಾಡಿ ಅರ್ದಿಯಾಕ್ಕೆ ತಿರುಗಿತು. ಉರಿಯುತ್ತಿದ್ದದ್ದು ಕಾರ್ಪೆಟ್ ಅಂಗಡಿ. ಉಳ್ಳಾಲದ ಮುಸ್ತಫಾ ಎಂಬವರು ಅದರ ಯಜಮಾನರು. ಪಾತು ಅವರ ಮನೆಯಲ್ಲಿ ಇಫ್ತಾರಿಗೆ ಉಂಡಿದ್ದಳು. ಮುಸ್ತಫಾ ಎದುರಿನ ಫುಟ್‌ಪಾತಿನಲ್ಲಿ ಕುಳಿತು ಎರಡೂ ಕೈಯಲ್ಲಿ ಒಂದು ನೀರಿನ ಬಾಟಲಿ ಹಿಡಿದುಕೊಂಡಿದ್ದರು, ಕುಡಿದಿರಲಿಲ್ಲ. ಕಾಸಿಂ ಕುಂಞಿ ಹೋಗಿ ಅವರ ಪಕ್ಕ ನೆಲದ ಮೇಲೆಯೇ ಕುಳಿತ. ಹೆಗಲ ಮೇಲೆ ಕೈ ಹಾಕಿದ. ಬಹಳ ಹೊತ್ತು ಮೆಲ್ಲ ದನಿಯಲ್ಲಿ ಮಾತಾಡಿದ. ಮುಸ್ತಫಾ ಬೆಂಕಿಯಿಂದ ಕಣ್ಣು ಕೀಳದೆಯೇ ತಲೆಯಾಡಿಸಿದ್ದು ಪಾತುವಿಗೆ ಕಾಣಿಸಿತು.

ಮನೆಗೆ ಬಂದ ಮೇಲೆ ಅವಳು, ಪಾಪ, ಅವರು ಸ್ವಲ್ಪ ಸುಧಾರಿಸಿಕೊಳ್ಳಲು ಬಿಡಬಹುದಿತ್ತು ಎಂದಳು. ಅವನಿಗೆ ಸಿಟ್ಟು ಬರಲಿಲ್ಲ. ನಾಳೆಯ ತನಕ ಬಿಟ್ಟರೆ ನೀರು ಕುಡಿದ ಕಾರ್ಪೆಟ್ಟು ಕೊಳೆಯುತ್ತದೆ, ಆಗ ಆ ಮನುಷ್ಯನಿಗೆ ಬಿಡಿಗಾಸೂ ಹುಟ್ಟುವುದಿಲ್ಲ, ನಾನು ಕೊಟ್ಟದ್ದರಲ್ಲಿ ಅವನು ಊರಿಗಾದರೂ ಮುಟ್ಟುತ್ತಾನೆ ಎಂದು ಸಮಾಧಾನದಿಂದಲೇ ವಿವರಿಸಿದ. ಅದರಲ್ಲಿ ಸುಳ್ಳಿರಲಿಲ್ಲ. ಮುಸ್ತಫಾ ಊರಿಗೆ ಹೋದರು. ಆಮೇಲೆ ಇಫ್ತಾರಿಗೆ ಹೋದಲ್ಲಿ ಹೆಂಗಸರು ಪಾತುವಿಗೆ ಜಾಗ ಮಾಡಿಕೊಡುತ್ತಿದ್ದರು, ಆದರೆ ಅವಳು ಕುಳಿತ ಮೇಲೆ ಮಾತು ನಿಲ್ಲುತ್ತಿತ್ತು.

ವರ್ಷಗಳು ಹೋದಂತೆ ಕಾಸಿಂ ಕುಂಞಿ ಮಹಬೂಲಾದಲ್ಲಿ ಇಡೀ ಇಡೀ ಕಟ್ಟಡಗಳನ್ನು ಬಾಡಿಗೆಗೆ ಹಿಡಿದು, ಕೋಣೆ ಕೋಣೆಯಾಗಿ ಕೆಲಸಗಾರರಿಗೆ ಕೊಡತೊಡಗಿದ. ಒಂದು ಕೋಣೆಯಲ್ಲಿ ಒಂದರ ಮೇಲೊಂದು ಮಂಚಗಳು, ಕಿಟಕಿಯಲ್ಲಿ ಒಣಗುವ ಬಟ್ಟೆಗಳು. ಅವನು ಅಲ್ಲಿಗೆ ಹೋದರೆ ಮೆಟ್ಟಿಲಲ್ಲಿ ಸಿಕ್ಕವರನ್ನೆಲ್ಲ ಹೆಸರು ಹಿಡಿದು ಮಾತಾಡಿಸುತ್ತಿದ್ದ. ಯಾರ ತಂಗಿಗೆ ಮದುವೆ ಗೊತ್ತಾಗಿದೆ, ಯಾರ ವಾಸದ ಪರವಾನಗಿ ಇಕಾಮಾ ಮುಗಿಯುತ್ತ ಬಂದಿದೆ, ಎಲ್ಲ ಅವನ ತಲೆಯಲ್ಲಿತ್ತು. ಬಾಡಿಗೆ ಕೊಡಲು ತಡವಾದವನನ್ನೂ ಅವನು ಹೆಸರು ಹಿಡಿದೇ ಹೊರಗೆ ಹಾಕುತ್ತಿದ್ದ.

ಫಿಂಟಾಸಿನಲ್ಲಿ ಕಡಲು ಕಾಣುವ ದೊಡ್ಡ ಫ್ಲ್ಯಾಟು ಬಂತು. ಸಿರಾಜ್ ಮಂಗಳೂರಿನಲ್ಲಿ ಕಾಲೇಜು ಸೇರಿದ. ಮಗಳು ಸಹಲಾ ಇಲ್ಲಿಯೇ ಶಾಲೆ ಮುಗಿಸಿದಳು. ಕಾಸಿಂ ಕುಂಞಿಗೆ ಎಲ್ಲವೂ ಇತ್ತು, ಒಂದು ಬಿಟ್ಟು. ಕುವೈತಿನಲ್ಲಿದ್ದ ಊರವರ ಸಂಘದ ಸಭೆಗಳಿಗೆ ಅವನ ಹಣ ಬೇಕಿತ್ತು, ಊಟದ ಖರ್ಚು ಅವನದೇ ಇರುತ್ತಿತ್ತು. ವೇದಿಕೆಗೆ ಕರೆಯುವಾಗ ಮಾತ್ರ ಡಾಕ್ಟರುಗಳೂ ಎಂಜಿನಿಯರುಗಳೂ ಮೊದಲು ಹೋಗುತ್ತಿದ್ದರು. ಬೆನ್ನ ಹಿಂದೆ ಅವನ ಹೆಸರು 'ಸುಟ್ಟ ಸರಕಿನ ಕಾಸಿಂ' ಎಂದೇ. ಅದು ಅವನಿಗೂ ಗೊತ್ತಿತ್ತು. ಸಭೆಯಿಂದ ಬಂದ ದಿನ ಅವನು ಷರಟು ಬಿಚ್ಚುವ ಮೊದಲು ತೋಳನ್ನು ಮೂಗಿನ ಹತ್ತಿರ ತಂದು ಮೂಸಿ ನೋಡಿದ್ದನ್ನು ಪಾತು ಎರಡು ಮೂರು ಸಲ ಕಂಡಿದ್ದಳು.

ಕೊರೊನಾ ಬಂದಾಗ ಮಹಬೂಲಾವನ್ನು ಮುಳ್ಳುತಂತಿ ಹಾಕಿ ಮುಚ್ಚಿದರು. ಕೆಲಸವಿಲ್ಲ, ಸಂಬಳವಿಲ್ಲ, ಕಟ್ಟಡಗಳ ತುಂಬ ಜನ. ಕಾಸಿಂ ಕುಂಞಿ ಹೊರಗೆ ಆರಾಮವಾಗಿ ಫಿಂಟಾಸಿನಲ್ಲಿ ಕೂರಬಹುದಿತ್ತು. ಅವನು ದಾರಿ ಮುಚ್ಚುವ ದಿನವೇ ಒಂದು ಚೀಲದಲ್ಲಿ ಬಟ್ಟೆ ತುಂಬಿಕೊಂಡು ಒಳಗೆ ಹೋದ. ಅವನು ಯಾಕೆ ಹೋದನೆಂದು ಪಾತು ಆಮೇಲೆ ಎಷ್ಟೋ ಸಲ ಯೋಚಿಸಿದಳು. ಹೆಸರಿಗಾಗಿ ಎಂದು ಒಮ್ಮೆ ಅನ್ನಿಸಿದರೆ, ಅಕ್ಕಿ ಮೂಟೆಯ ಹಿಂದೆ ಕುಳಿತು ಗೋಡೆಯ ಮೇಲಿನ ತಟ್ಟೆ ಕಾದ ಹುಡುಗನಿಗೆ ಬೇರೆ ದಾರಿ ಇರಲಿಲ್ಲವೇನೋ ಎಂದು ಇನ್ನೊಮ್ಮೆ ಅನ್ನಿಸುತ್ತಿತ್ತು.

ಒಂದು ಕಟ್ಟಡದ ಕೆಳಗಿನ ಪಾರ್ಕಿಂಗಿನಲ್ಲಿ ಅವನು ಒಲೆ ಹೂಡಿಸಿದ. ಕುಚ್ಚಲಕ್ಕಿ ಗಂಜಿ, ಚಟ್ನಿ, ಸಿಕ್ಕಿದ ದಿನ ಮೀನು. ತನ್ನ ಬಾಡಿಗೆದಾರರಿಗೆ ಮಾತ್ರವಲ್ಲ, ಬೀದಿಯಲ್ಲಿ ಸಾಲು ನಿಂತ ಬಂಗಾಳಿ, ನೇಪಾಳಿ, ಈಜಿಪ್ತಿನವರಿಗೆಲ್ಲ ಬಡಿಸಿದ. ಸಾವಿರಾರು ಜನ ಉಂಡರು. ಬಾಡಿಗೆಯ ಮಾತು ಎತ್ತಬೇಡಿ ಎಂದು ಡೋಲ್ಫಿಗೆ ಫೋನಿನಲ್ಲಿ ಹೇಳಿದ. ಅವನಿಗೇ ಕಾಯಿಲೆ ಹತ್ತಿ, ಅದೇ ಪಾರ್ಕಿಂಗಿನ ಮೂಲೆಯಲ್ಲಿ ಚಾಪೆ ಹಾಕಿ ಮಲಗಿ ಎದ್ದ. ತಂತಿ ತೆಗೆದ ದಿನ ಮನೆಗೆ ಬಂದಾಗ ಕೆನ್ನೆ ಒಳಗೆ ಹೋಗಿ, ಗಡ್ಡ ಬೆಳ್ಳಗಾಗಿತ್ತು. ಪಾತು ಅವನನ್ನು ಅಷ್ಟು ಸಂತೋಷದಲ್ಲಿ ಅದರ ಮೊದಲೂ ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ.

ಆದರೆ ಊರವರ ಬಾಯಲ್ಲಿ ಬಂದ ಹೆಸರು ಅನ್ಸಾಫ್‌ನದು. ಅನ್ಸಾಫ್ ಟ್ರಾವೆಲ್ಸ್ ಇಟ್ಟುಕೊಂಡಿದ್ದ ತರುಣ, ಚೆಂದ ಇಂಗ್ಲಿಷ್ ಮಾತಾಡುವವನು. ಕೊನೆಗೆ ವಿಮಾನಗಳು ಬಿಟ್ಟಾಗ ಊರಿಗೆ ಬಾಡಿಗೆ ವಿಮಾನ ಹೊರಡಿಸಿ, ಬಸುರಿಯರನ್ನೂ ಮುದುಕರನ್ನೂ ಹತ್ತಿಸಿ ಕಳಿಸಿದ. ಅದು ಫೋಟೋದಲ್ಲಿ ಬಂತು, ಪತ್ರಿಕೆಯಲ್ಲಿ ಬಂತು. ಮರುವರ್ಷ ಸಂಘದವರು ಸನ್ಮಾನ ಇಟ್ಟುಕೊಂಡಾಗ ವೇದಿಕೆಯ ನಡುವಿನ ಕುರ್ಚಿ ಅನ್ಸಾಫ್‌ಗೆ. ಪೇಟ, ಹಾರ, ಬೆಳ್ಳಿಯ ಫಲಕ. ಕಾಸಿಂ ಕುಂಞಿಯನ್ನು ಕೊನೆಯಲ್ಲಿ, 'ಸಹಕರಿಸಿದ ದಾನಿಗಳು' ಎಂದು ಹತ್ತು ಹನ್ನೆರಡು ಮಂದಿಯ ಜೊತೆ ಸಾಲಾಗಿ ನಿಲ್ಲಿಸಿ ಒಂದೊಂದು ಶಾಲು ಹೊದಿಸಿದರು. ಅವನ ಸರದಿ ಬಂದಾಗ ಜನ ಊಟಕ್ಕೆ ಏಳುತ್ತಿದ್ದರು.

ಕಾರಿನಲ್ಲಿ ಅವನು ಶಾಲನ್ನು ಮಡಚಿ ಹಿಂದಿನ ಸೀಟಿನಲ್ಲಿಟ್ಟ. "ವಿಮಾನ ಹತ್ತುವ ತನಕ ಅವರನ್ನು ಬದುಕಿಸಿದ್ದು ಯಾರು ಅಂತ ಒಬ್ಬ ಕೇಳ್ಲಿಲ್ಲ ಪಾತು" ಎಂದ. ಅವಳು, ಅನ್ಸಾಫ್ ಕೆಟ್ಟವನಲ್ಲ ಎಂದು ಹೇಳಹೊರಟು ನಾಲಗೆ ಕಚ್ಚಿಕೊಂಡಳು.

ಆ ವೇಳೆಗೆ ಸಿರಾಜ್ ಓದು ಮುಗಿಸಿ ಬಂದು ಅಪ್ಪನ ಕಚೇರಿಯಲ್ಲಿ ಕುಳಿತಿದ್ದ. ಕಾಮರ್ಸ್ ಮಾಡು ಎಂದರೆ ಅವನು ಹಟ ಹಿಡಿದು ಚರಿತ್ರೆ ಓದಿದ್ದ. ಚರಿತ್ರೆ ಓದಿ ಎಂತ ಮಾರುದು ಎಂದು ಅಪ್ಪ ಆಗಾಗ ತಮಾಷೆ ಮಾಡುವುದಿತ್ತು. ಸನ್ಮಾನದ ಮರುದಿನ ಶುಕ್ರವಾರ. ಜುಮ್ಮಾ ಮುಗಿಸಿ ಬಂದು ಊಟಕ್ಕೆ ಕುಳಿತಾಗ ಕಾಸಿಂ ಕುಂಞಿ ತಟ್ಟೆಗೆ ಕೈ ಹಾಕಲೇ ಇಲ್ಲ. ಮಗನಿಗೆ ನೋಡಲಾಗಲಿಲ್ಲ. ಅಪ್ಪನ ಮನಸ್ಸು ಬೇರೆ ಕಡೆ ತಿರುಗಿಸಬೇಕೆಂದು ಅವನು ಒಂದು ಹಳೆಯ ಕತೆ ಎತ್ತಿದ. ನಿಮ್ಮ ಹಾಗೆಯೇ ಒಬ್ಬನಿದ್ದ ಉಪ್ಪ, ಎರಡು ಸಾವಿರ ವರ್ಷದ ಹಿಂದೆ, ರೋಮಿನಲ್ಲಿ ಎಂದ.

ಅವನ ಹೆಸರು ಕ್ರಾಸಸ್. ರೋಮಿನ ಒಳಜಗಳದಲ್ಲಿ ತಂದೆಯನ್ನೂ ಅಣ್ಣನನ್ನೂ ಕಳೆದುಕೊಂಡು, ಪರದೇಶಕ್ಕೆ ಓಡಿ, ಕಡಲ ಬದಿಯ ಗುಹೆಯೊಂದರಲ್ಲಿ ತಿಂಗಳುಗಟ್ಟಲೆ ಅಡಗಿದ್ದವನು. ಪರಿಚಯದ ಒಬ್ಬ ದೊಡ್ಡ ಮನುಷ್ಯ ಗುಟ್ಟಾಗಿ ಆಳಿನ ಕೈಯಲ್ಲಿ ಊಟ ಕಳಿಸುತ್ತಿದ್ದ. ಆಳು ಅದನ್ನು ಬಂಡೆಯ ಮೇಲಿಟ್ಟು ಹೋಗುತ್ತಿದ್ದ. ಅಲ್ಲಿಯವರೆಗೆ ಸುಮ್ಮನಿದ್ದ ಕಾಸಿಂ ಕುಂಞಿ ತಲೆ ಎತ್ತಿ, "ನೀನು ಕಟ್ಟಿ ಹೇಳುದಲ್ಲ ತಾನೇ?" ಎಂದ. ಅಲ್ಲ ಉಪ್ಪ, ಪುಸ್ತಕದಲ್ಲಿ ಇದೆ ಎಂದು ಸಿರಾಜ್ ಮುಂದುವರಿಸಿದ. ಕಾಲ ತಿರುಗಿ ರೋಮಿಗೆ ಬಂದ ಕ್ರಾಸಸ್, ಊರಲ್ಲಿ ಮನೆಗಳಿಗೆ ಬೆಂಕಿ ಬಿದ್ದಾಗ ಓಡಿಹೋಗಿ, ಉರಿಯುವ ಮನೆಯನ್ನೂ ಅದರ ನೆರೆಮನೆಗಳನ್ನೂ ಕಡಿಮೆಗೆ ಕೊಳ್ಳುತ್ತಿದ್ದ. ಮನೆ ಕಟ್ಟಲು ಅವನದೇ ಆಳುಗಳಿದ್ದರು. ಹಾಗೆ ಅರ್ಧ ಊರು ಅವನದಾಯಿತು. ಬೀದಿಯಲ್ಲಿ ಸಿಕ್ಕ ಬಡವನನ್ನೂ ಹೆಸರು ಹಿಡಿದು ಮಾತಾಡಿಸುತ್ತಿದ್ದ. ಊರಿಗೆಲ್ಲ ಒಟ್ಟಿಗೆ ಊಟ ಹಾಕಿಸಿದ್ದ. ಆಡಳಿತದ ಅತಿ ದೊಡ್ಡ ಪದವಿಗೂ ಏರಿದ. ದೇಶದ ಗುಲಾಮರು ದಂಗೆ ಎದ್ದಾಗ ಎದುರು ನಿಂತು ಅಡಗಿಸಿದವನು ಅವನು. ಕೊನೆಯ ಗಳಿಗೆಗೆ ಬಂದು ಓಡಿಹೋಗುತ್ತಿದ್ದ ಒಂದಿಷ್ಟು ಜನರನ್ನು ಹಿಡಿದ ಬೇರೊಬ್ಬ ಸೇನಾಪತಿ, ಗೆದ್ದವನು ನಾನೇ ಎಂದು ಹೇಳಿಕೊಂಡ. ರಥದ ಮೆರವಣಿಗೆ ಆ ಇನ್ನೊಬ್ಬನಿಗೆ, ಕ್ರಾಸಸ್‌ಗೆ ಸಣ್ಣದೊಂದು ಮರ್ಯಾದೆ.

ಪಾತು ಅಡುಗೆ ಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಗಂಡನ ಮುಖದಲ್ಲಿ ಬಣ್ಣ ಮರಳಿದ್ದು ನೋಡಿ ಅವಳಿಗೆ ಸಮಾಧಾನವಾಯಿತು. ಅವನು ಅನ್ನ ಕಲಸುತ್ತ, ಮತ್ತೆ ಅವ ಎಂತ ಮಾಡಿದ ಎಂದು ಕೇಳಿದ.

ಸಿರಾಜ್ ಉಳಿದದ್ದನ್ನೂ ಹೇಳಿದ. ವಯಸ್ಸಾದ ಮೇಲೂ ಆ ಮನುಷ್ಯನಿಗೆ ಅದೊಂದು ಕೊರಗು ಹೋಗಲಿಲ್ಲ. ಹಣ ಸಾಲದು, ಯುದ್ಧದಲ್ಲಿ ಗೆದ್ದು ಬರಬೇಕು ಎಂದು ಮಗನನ್ನೂ ಕರೆದುಕೊಂಡು ಪೂರ್ವಕ್ಕೆ ಹೊರಟ. ದಾರಿ ಬಲ್ಲವರು ಬೇಡ ಎಂದರೂ ಮರಳುಗಾಡಿಗೆ ನುಗ್ಗಿದ. ಅಲ್ಲಿ ಮೊದಲು ಮಗ ಸತ್ತ, ಆಮೇಲೆ ಅವನೂ. "ದ್ಯಾಟ್ಸ್ ಹೌ ಇಟ್ ಎಂಡೆಡ್, ಉಪ್ಪ. ಹೆಸರಿನ ಹಿಂದೆ ಓಡಿದ್ರೆ ಹಾಗೇ. ನಿಮಗೆ ಆ ಶಾಲು ಬೇಡ, ಬಿಟ್ಟುಬಿಡಿ."

"ಅದು ಯಾವ ದೇಶ?"

"ಇಲ್ಲೇ ಮೇಲೆ. ಅಬ್ದಲಿ ಗಡಿ ದಾಟಿ, ಇರಾಕ್‌ನಿಂದ ಆಚೆ."

ಕಾಸಿಂ ಕುಂಞಿ ಸ್ವಲ್ಪ ಹೊತ್ತು ಅಗಿದ. "ಅವ ಕತ್ತಿ ಹಿಡ್ಕೊಂಡು ಹೋದ, ಅದು ತಪ್ಪಾದ್ದು. ಅಲ್ಲಿ ಅನ್ನ ತೆಕ್ಕೊಂಡು ಹೋಗ್ಬೇಕು" ಎಂದ.

ತಮಾಷೆಗೆ ಹೇಳಿದ್ದೆಂದು ಎಲ್ಲರೂ ನಕ್ಕರು. ಅವನಿಗೆ ಅದು ತಮಾಷೆಯಾಗಿರಲಿಲ್ಲ. ಕೆಲವೇ ತಿಂಗಳಲ್ಲಿ ಅವನು ಇರಾಕಿನ ಬಸ್ರಾಕ್ಕೆ ಹೋಗಿ ಬರತೊಡಗಿದ. ಅಲ್ಲಿನ ಎಣ್ಣೆ ಬಾವಿಗಳ ಕೆಲಸಗಾರರಿಗೆ ಊಟ ಒದಗಿಸುವ ದೊಡ್ಡ ಗುತ್ತಿಗೆ. ಗಡಿಯಾಚೆ ಕಂಪೆನಿ ತೆರೆದ ಮೊದಲ ಬ್ಯಾರಿ ಎಂದು ಪತ್ರಿಕೆಯಲ್ಲಿ ಬರುತ್ತದೆ, ಆಮೇಲೆ ಅನ್ಸಾಫ್ ಬಂದು ನನ್ನ ಪಕ್ಕದಲ್ಲಿ ನಿಲ್ಲಲಿ ಎಂದು ಡೋಲ್ಫಿಯ ಹತ್ತಿರ ಹೇಳಿದನಂತೆ. ಡೋಲ್ಫಿಗೆ ಮನಸ್ಸಿರಲಿಲ್ಲ. ಅವನು ಒಂದು ಸಂಜೆ ಫಿಂಟಾಸಿಗೆ ಬಂದು ಪಾತುವಿನೊಡನೆ, "ಪಾತುಬಾಯಿ, ಇದರಲ್ಲಿ ಲಾಭ ಇಲ್ಲ ಅಂತ ಅವರಿಗೂ ಗೊತ್ತುಂಟು. ಲಾಭಕ್ಕೆ ಹೋಗುದಾದ್ರೆ ನಾನು ಹೆದರ್ತಿರ್ಲಿಲ್ಲ" ಎಂದ. ಪಾತು ಗಂಡನಿಗೆ ಒಂದೆರಡು ಸಲ ಹೇಳಿ ನೋಡಿದಳು. ಅವನು ಕೇಳಿಸಿಕೊಳ್ಳಲಿಲ್ಲ. ಸಿರಾಜ್ ಮೊದಲು ಒಪ್ಪಲಿಲ್ಲ. ಅಪ್ಪ ಒಬ್ಬನೇ ಓಡಾಡುವುದನ್ನು ನೋಡಲಾರದೆ ಆಮೇಲೆ ತಾನೇ ಜೊತೆಗೆ ನಿಂತ.

ಎರಡು ಸಾವಿರದ ಇಪ್ಪತ್ತೆರಡರ ಮೇ ತಿಂಗಳು. ಬಸ್ರಾದಲ್ಲಿ ಗುತ್ತಿಗೆಯ ಊಟಕ್ಕೆಂದು ಕಟ್ಟಿಸಿದ ಅಡುಗೆ ಮನೆಯ ಉದ್ಘಾಟನೆಗೆ ಅಲ್ಲಿನ ದೊಡ್ಡ ಅಧಿಕಾರಿಗಳು ಬರುವುದೆಂದು ಗೊತ್ತಾಗಿತ್ತು. ಕಾಸಿಂ ಕುಂಞಿ ಮುಂಚಿತವಾಗಿ ಹೋಗಿ ಬಸ್ರಾದ ಹೋಟೆಲಿನಲ್ಲಿದ್ದ. ಸಿರಾಜ್ ಒಲೆ, ಪಾತ್ರೆ, ಶೀತಲ ಪೆಟ್ಟಿಗೆಗಳ ಲಾರಿಗಳ ಜೊತೆ ಗಡಿ ದಾಟಿ ಸಫ್ವಾನಿನಲ್ಲಿ ನಿಂತಿದ್ದ. ಬೆಳಗ್ಗಿನಿಂದಲೇ ಆಕಾಶ ಕಿತ್ತಳೆ ಬಣ್ಣಕ್ಕೆ ತಿರುಗಿತ್ತು. ಫಿಂಟಾಸಿನಲ್ಲಿ ಕಡಲೇ ಕಾಣುತ್ತಿರಲಿಲ್ಲ. ಪಾತು ಕಿಟಕಿಯ ಸಂದಿಗಳಿಗೆ ಒದ್ದೆ ಬಟ್ಟೆ ತುರುಕುತ್ತಿರುವಾಗ ಮಗನ ಫೋನು ಬಂತು.

"ಉಮ್ಮ, ಇಲ್ಲಿ ಎದುರಿಗೆ ಇರುವ ಲಾರಿ ಕಾಣುದಿಲ್ಲ. ಡ್ರೈವರ್ ಇಲ್ಲಿಯವನೇ, ಇವತ್ತು ಬೇಡ, ಧೂಳು ಇಳಿಯಲಿ ಅಂತಾನೆ. ಉಪ್ಪ ಕೇಳ್ತಿಲ್ಲ. ನೀವು ಒಂದು ಮಾತು ಹೇಳಿ."

ಪಾತು ಗಂಡನಿಗೆ ಫೋನು ಮಾಡಿದಳು. ಹಿಂದಿನಿಂದ ಜನರ ಸದ್ದು, ಯಾರೋ ಅರಬಿಯಲ್ಲಿ ನಗುವುದು ಕೇಳಿಸುತ್ತಿತ್ತು. ನಾಳೆ ಬೆಳಿಗ್ಗೆ ಅವರೆಲ್ಲ ಬರುತ್ತಾರೆ, ಒಲೆ ಇಲ್ಲದ ಅಡುಗೆ ಮನೆ ತೋರಿಸಿ ನಾನು ನಗೆಪಾಟಲಾಗಬೇಕೇ ಎಂದು ಅವನು ಗಡಿಬಿಡಿಯಲ್ಲಿ ಕೇಳಿದ. ಒಂದು ಗಂಟೆಯ ದಾರಿ, ಮೆಲ್ಲ ಬರಲಿ ಎಂದ. ಅವಳು, ಧೂಳು ಜೋರಿದೆಯಂತೆ ಎಂದಳು. "ಧೂಳು ಇಲ್ಲದ ದಿನ ಈ ಸೀಮೆಯಲ್ಲಿ ಯಾವಾಗ ಉಂಟು ಪಾತು" ಎಂದು ಅವನು ಫೋನಿಟ್ಟ.

ಅವಳು ಮಗನಿಗೆ ಮತ್ತೆ ಮಾಡಿದಳು. ನಿಲ್ಲು ಎಂದು ಹೇಳಬೇಕೆಂದೇ ಮಾಡಿದ್ದು. ಅವನ ದನಿ ಕೇಳಿದಾಗ ಬಾಯಿಂದ ಬಂದದ್ದು, "ಉಪ್ಪ ಹೇಳ್ತಾರಲ್ಲ ಮಗಾ, ಮೆಲ್ಲ ಹೋಗು" ಎಂದು. ಸಿರಾಜ್, ಸರಿ ಉಮ್ಮ ಎಂದ.

ಅವನ ಲಾರಿ ಜುಬೈರಿನ ರಸ್ತೆಯಲ್ಲಿ, ಧೂಳಿನಲ್ಲಿ ದಾರಿ ಕಾಣದೆ ನಿಂತುಬಿಟ್ಟಿದ್ದ ಒಂದು ಟ್ಯಾಂಕರಿನ ಹಿಂಬದಿಗೆ ಹೋಗಿ ಬಡಿಯಿತು. ಬೇಡ ಎಂದಿದ್ದ ಡ್ರೈವರ್ ಕಾಲು ಕಳೆದುಕೊಂಡು ಬದುಕಿದ. ಸಿರಾಜ್ ಅಲ್ಲೇ ಹೋದ. ಧೂಳಿಗೆ ಆಂಬುಲೆನ್ಸ್ ಬರಲು ತಡವಾಯಿತು. ಕಾಸಿಂ ಕುಂಞಿ ಹೋಟೆಲಿನಿಂದ ಹೊರಟು ಅಲ್ಲಿಗೆ ಮುಟ್ಟುವಾಗಲೂ ಮಗನನ್ನು ರಸ್ತೆಯ ಬದಿಯಲ್ಲೇ ಮಲಗಿಸಿದ್ದರು. ಯಾರೋ ಪುಣ್ಯಾತ್ಮರು ತಮ್ಮ ತಲೆವಸ್ತ್ರ ತೆಗೆದು ಮುಖಕ್ಕೆ ಹೊದಿಸಿದ್ದರು. ಅದನ್ನು ಎತ್ತಿದಾಗ ಹುಬ್ಬು, ರೆಪ್ಪೆ, ತುಟಿ ಎಲ್ಲ ಮಣ್ಣಿನ ಬಣ್ಣ. ಕಾಸಿಂ ಕುಂಞಿ ತನ್ನ ಅಂಗಿಯ ತುದಿಯನ್ನು ಬಾಟಲಿಯ ನೀರಿನಲ್ಲಿ ನೆನೆಸಿ ಒರೆಸಿದನಂತೆ. ಒರೆಸಿದಷ್ಟೂ ಧೂಳು ಮತ್ತೆ ಬಂದು ಕೂರುತ್ತಿತ್ತಂತೆ. ಇದನ್ನು ಪಾತುವಿಗೆ ಹೇಳಿದ್ದು ಡೋಲ್ಫಿ. ಗಂಡ ಒಂದು ದಿನವೂ ಹೇಳಲಿಲ್ಲ.

ಗಡಿಯ ಕಾಗದಗಳಿಗೆ ಬೂ ನಾಸರರ ಮಕ್ಕಳು ಓಡಾಡಿದರು. ಸಿರಾಜ್‌ನನ್ನು ಕುವೈತಿಗೆ ತಂದು ಸುಲೈಬಿಖಾತಿನ ಖಬರಸ್ಥಾನದಲ್ಲಿ ಮಣ್ಣು ಮಾಡಿದರು. ಮಹಬೂಲಾದ ಕೆಲಸಗಾರರು ಬಸ್ಸು ಮಾಡಿಕೊಂಡು ಬಂದಿದ್ದರು. ಅನ್ಸಾಫ್ ಮೊದಲ ಸಾಲಿನಲ್ಲಿ ನಿಂತು ಮಯ್ಯತ್ತಿಗೆ ಹೆಗಲು ಕೊಟ್ಟ. ಒಬ್ಬೊಬ್ಬರೇ ಬಂದು ಕಾಸಿಂ ಕುಂಞಿಯ ಕೈ ಹಿಡಿದರು. ಅವನು ಎಲ್ಲರಿಗೂ ತಲೆಯಾಡಿಸಿದ, ಯಾರನ್ನೂ ಹೆಸರು ಹಿಡಿದು ಕರೆಯಲಿಲ್ಲ.

ಬಸ್ರಾದ ಅಡುಗೆ ಮನೆ ಬೇರೆಯವರ ಪಾಲಾಯಿತು. ಕೆಲವು ವಾರಗಳ ನಂತರ ಅವನೇ ಅನ್ಸಾಫ್‌ಗೆ ಫೋನು ಮಾಡಿ, ಮಹಬೂಲಾದ ಕಟ್ಟಡಗಳನ್ನೂ ಅರ್ದಿಯಾದ ಗೋದಾಮುಗಳನ್ನೂ ನೀನು ವಹಿಸಿಕೋ ಎಂದ. ಅನ್ಸಾಫ್ ತಬ್ಬಿಬ್ಬಾಗಿ ಮನೆಗೆ ಬಂದ. "ಕಾಸಿಮಾಕ, ಈಗ ಬೇಡ. ವರ್ಷ ಹೋಗಲಿ, ಮನಸ್ಸು ನಿಂತ ಮೇಲೆ ಮಾತಾಡುವ" ಎಂದ. ಕಾಸಿಂ ಕುಂಞಿ ತಲೆ ಎತ್ತದೆಯೇ, ನೀನು ತಗೊಳ್ಳದಿದ್ದರೆ ಇನ್ನೊಬ್ಬನಿಗೆ ಹೇಳುತ್ತೇನೆ ಎಂದ. ಅನ್ಸಾಫ್ ಹೇಳಿದ ಬೆಲೆಗೆ ಕಾಸಿಂ ಕುಂಞಿ ಚೌಕಾಸಿ ಮಾಡಲಿಲ್ಲ. ಡೋಲ್ಫಿ ಎಲ್ಲ ಮುಗಿಸಿಕೊಟ್ಟು, ಫಿಂಟಾಸಿನ ಫ್ಲ್ಯಾಟೂ ಜೀವನಕ್ಕೆ ಬೇಕಾದಷ್ಟೂ ಉಳಿಯುವ ಹಾಗೆ ನೋಡಿಕೊಂಡ.

ಸಹಲಾ ಮದುವೆಯಾಗಿ ದುಬೈಗೆ ಹೋಗಿದ್ದಾಳೆ. ಅವಳು ಪ್ರತಿ ವಾರ ಫೋನಿನಲ್ಲಿ, ಇನ್ನು ಅಲ್ಲಿ ಯಾಕೆ, ನಮ್ಮಲ್ಲಿಗೆ ಬನ್ನಿ ಎನ್ನುತ್ತಾಳೆ. ಅವನು ಒಪ್ಪುವುದಿಲ್ಲ. ಶುಕ್ರವಾರ ಸುಲೈಬಿಖಾತಿಗೆ ಹೋಗುವವರು ಯಾರು ಎಂಬುದೊಂದೇ ಅವನ ಉತ್ತರ. ಸಿರಾಜ್‌ನ ಪುಸ್ತಕಗಳನ್ನು ಅವನು ಮುಟ್ಟುವುದಿಲ್ಲ, ಪಾತು ಧೂಳು ಒರೆಸಿ ಇದ್ದಲ್ಲೇ ಇಡುತ್ತಾಳೆ.

ಹೋದ ಬೇಸಗೆಯಲ್ಲಿ ಒಂದು ಮಧ್ಯಾಹ್ನ, ಊಟಕ್ಕೆ ಬಡಿಸುತ್ತಿರುವಾಗ, ಅವನು ಇದ್ದಕ್ಕಿದ್ದಂತೆ ಕೇಳಿದ. "ಅವ ನಿನಗೆ ಫೋನು ಮಾಡಿದ್ದನಲ್ಲ. ನಿಲ್ಲು ಅಂತ ನೀನಾದ್ರೂ ಹೇಳ್ಬಹುದಿತ್ತು."

ಮೂರು ವರ್ಷದಿಂದ ಪಾತು ಈ ಮಾತಿಗೆ ಕಾದಿದ್ದಳು. ಬಂದಾಗ ಕೂಗಿಬಿಡುತ್ತೇನೆಂದು ಅಂದುಕೊಂಡಿದ್ದಳು. ಸೌಟನ್ನು ಪಾತ್ರೆಯಲ್ಲಿಟ್ಟು ಅವನ ಎದುರು ಕುಳಿತಳು.

"ಹೌದು, ಹೇಳ್ಬಹುದಿತ್ತು" ಎಂದಳು. "ಹೇಳ್ಲಿಕ್ಕೇ ಫೋನು ಮಾಡಿದ್ದು. ನಿಮ್ಮ ಮಾತು ಮೀರಿ ಒಂದು ಮಾತು ಹೇಳಿ ನನಗೆ ಅಭ್ಯಾಸವೇ ಇರ್ಲಿಲ್ಲ."

ಅವನು ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ಆಮೇಲೆ ಎದ್ದು ಬಾಲ್ಕನಿಗೆ ಹೋದ. ಆ ದಿನವೂ ಧೂಳೆದ್ದಿತ್ತು. ಕಡಲಿನ ಕಡೆ ಏನೂ ಇರಲಿಲ್ಲ, ಕೆಳಗಿನ ರಸ್ತೆಯಲ್ಲಿ ಕಾರುಗಳು ಹಗಲಲ್ಲೇ ದೀಪ ಹಾಕಿಕೊಂಡು ಹೋಗುತ್ತಿದ್ದವು. ಅವನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತು ಅತ್ತ ಮುಖ ಮಾಡಿದ. ತಲೆ, ಹೆಗಲು ಧೂಳು ಕೂತು ಮಣ್ಣಿನ ಬಣ್ಣಕ್ಕೆ ತಿರುಗತೊಡಗಿದವು.

ಪಾತು ಒಳಗಿನಿಂದ ಒಮ್ಮೆ ಕರೆದಳು. ಅವನು ತಿರುಗಲಿಲ್ಲ. ಅನ್ನದ ಪಾತ್ರೆ ಮುಚ್ಚಿಟ್ಟು, ತಲೆಯ ಬಟ್ಟೆಯನ್ನು ಮೂಗಿನವರೆಗೆ ಎಳೆದುಕೊಂಡು, ಅವಳೂ ಒಂದು ಕುರ್ಚಿ ಎತ್ತಿಕೊಂಡು ಹೊರಗೆ ಹೋದಳು. ಗಾಜಿನ ಬಾಗಿಲು ಎಳೆದು ಮುಚ್ಚಿ ಅವನ ಪಕ್ಕದಲ್ಲಿ ಕುಳಿತಳು.